ದೋಹಾದಲ್ಲಿ ಎರಡು ನೀಲಿ

ನನ್ನ ಸೋದರಮಾವ ಒಂದು ಕಾಲದಲ್ಲಿ ಕಾರ್ಖಾನೆ ಫುಟ್‌ಬಾಲ್ ತಂಡದ ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವ ಆಟಗಾರ. ಆಸ್ಟಿನ್ ಟೌನ್ ಮೈದಾನದ ಕೆಂಪು ಧೂಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ಮೊಣಕಾಲು ಕೈಕೊಟ್ಟ ಮೇಲೆ ಆಟ ಬಿಟ್ಟರು, ನೋಡೋದು ಬಿಡಲಿಲ್ಲ.

2016ರ ಅಕ್ಟೋಬರ್ 19ರ ರಾತ್ರಿ ನಾವಿಬ್ಬರೂ ಕಂಠೀರವದಲ್ಲಿದ್ದೆವು. ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್, ಎರಡು ಪಂದ್ಯಗಳಲ್ಲಿ ಎರಡನೆಯದು. ನಮ್ಮ ಬೆಂಗಳೂರು ಎಫ್‌ಸಿಗೆ ಎದುರಿಗಿದ್ದದ್ದು ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಮೊದಲ ಗೋಲು ಅವರದ್ದೇ. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಕ್ಲಬ್ಬೊಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು. ಅದೂ ಹುಟ್ಟಿ ಮೂರೇ ವರ್ಷವಾಗಿದ್ದ ಕ್ಲಬ್ಬು. ಸ್ಟೇಡಿಯಂನಿಂದ ಹೊರಗೆ ಬಂದು ಆಟೋ ಹುಡುಕುವಾಗ ಮಾವ ಕೇಳಿದರು, "ಫೈನಲ್ ಎಲ್ಲಿ ಅಂದೆ?"

"ದೋಹಾ, ಮಾವ. ನವೆಂಬರ್ 5."

"ನನ್ ಪಾಸ್‌ಪೋರ್ಟ್ ಇನ್ನೂ ಎರಡು ವರ್ಷ ಇದೆ ಕಣೋ."

ಅಷ್ಟೇ. ಅತ್ತೆಗೆ ಮಾರನೇ ದಿನ ಗೊತ್ತಾಯ್ತು.

ಗುರುವಾರ

ವೀಸಾ, ಟಿಕೆಟ್ ಎಲ್ಲ ದೋಹಾದಲ್ಲಿರುವ ನನ್ನ ಕಾಲೇಜು ಗೆಳೆಯನ ತಲೆಗೆ ಕಟ್ಟಿದ್ದೆ. ಆಗ ನಮ್ಮವರಿಗೆ ಮೊದಲೇ ವೀಸಾ ಮಾಡಿಸಬೇಕಿತ್ತು. ಮುಂದಿನ ವರ್ಷವೇ ಆ ನಿಯಮ ಹೋಯ್ತು, ನಮ್ಮ ಅದೃಷ್ಟ ನೋಡಿ. ನಾಲ್ಕೂವರೆ ಗಂಟೆಯ ಹಾರಾಟ, ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ.

ವಿಮಾನ ನಿಲ್ದಾಣದ ನಡುವೆ ಒಂದು ದೊಡ್ಡ ಹಳದಿ ಕರಡಿ ಬೊಂಬೆ ಕೂತಿದೆ. ತಲೆಯೊಳಗಿಂದ ದೀಪ ಹೊರಟಿದೆ. ಮಾವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದಕ್ಕೆ ಎಷ್ಟು ಕೊಟ್ಟಿರಬಹುದು?" ಅಂತ ಕೇಳಿದರು. ದೋಹಾದಲ್ಲಿದ್ದ ಐದೂ ದಿನ ಅವರು ಎಲ್ಲದಕ್ಕೂ ಕೇಳಿದ್ದು ಇದೇ ಪ್ರಶ್ನೆ.

ಗೆಳೆಯನ ಮನೆ ನಜ್ಮಾದಲ್ಲಿ. ಊರು ಪೂರ್ತಿ ಅಗೆದು ಹಾಕಿದ್ದರು. 2022ರ ವಿಶ್ವಕಪ್‌ಗೆ ಇನ್ನೂ ಆರು ವರ್ಷ ಇದ್ದರೂ ಎಲ್ಲಿ ನೋಡಿದರೂ ಕ್ರೇನು, ಅಡ್ಡಗಟ್ಟಿದ ರಸ್ತೆ, ಮೆಟ್ರೋ ಗುಂಡಿ. ಈಗ ಹೋಗುವವರಿಗೆ ಮೆಟ್ರೋ ಇದೆ, ಸುಖವಾಗಿ ಓಡಾಡಬಹುದು. ಆಗ ಟ್ಯಾಕ್ಸಿಯೇ ಗತಿ. ಒಂದು ಕಿಲೋಮೀಟರಿಗೆ ಮೂರು ಸುತ್ತು. "ನಮ್ ಊರೇ ವಾಸಿ" ಅಂದರು ಮಾವ. ಬೆಂಗಳೂರಿನ ರಸ್ತೆಗಳ ಬಗ್ಗೆ ಅವರ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಗೆಳೆಯ ಕರಕ್ ಚಹಾ ಕುಡಿಸಲು ಕರೆದೊಯ್ದ. ಅಂಗಡಿ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆಯಬೇಕು, ಹುಡುಗ ಓಡಿ ಬಂದು ಕಿಟಕಿಯಲ್ಲೇ ಕೇಳುತ್ತಾನೆ. ಕಾಗದದ ಲೋಟ, ಆಗ ಒಂದು ರಿಯಾಲ್. ಗಟ್ಟಿ ಹಾಲು, ಏಲಕ್ಕಿ, ಬೆಲ್ಲದ ಪಾಕದಷ್ಟು ಸಿಹಿ. ಸಕ್ಕರೆ ಕಡಿಮೆ ಬೇಕಿದ್ದರೆ ಮೊದಲೇ ಹೇಳಬೇಕು. ಮಾವ ಹೇಳಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಎರಡನೇ ಲೋಟಕ್ಕೂ ಹಾರ್ನ್ ಹೊಡೆಸಿದರು.

ಊಟಕ್ಕೆ ಹೋದ ಹೋಟೆಲಲ್ಲಿ ಬಡಿಸುವ ಹುಡುಗ ನಮ್ಮ ಮಾತು ಕೇಳಿ ತಟ್ಟೆ ಹಿಡಿದುಕೊಂಡೇ ನಿಂತ. ಕುಂದಾಪುರದ ಕಡೆಯವನು.

"ಹೋಯ್, ಬೆಂಗ್ಳೂರಿಂದ ಮ್ಯಾಚ್ ಕಾಂಬುಕೆ ಬಂದದ್ದಾ?"

"ಹೌದಪ್ಪ."

"ನಂಗ್ ಶನಿವಾರ ರಜೆ ಇಲ್ಲ ಮರಾಯ್ರೆ. ಎಂತ ಮಾಡೂದ್?"

ಅವನು ದೋಹಾಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಒಂದು ಮ್ಯಾಚನ್ನೂ ನೋಡಿರಲಿಲ್ಲ. ಮಾವ ದೀಪಾವಳಿಗೆ ಅತ್ತೆ ಮಾಡಿದ್ದ ಚಕ್ಕುಲಿಯ ಡಬ್ಬ ತೆಗೆದು ಅವನ ಕೈಗೆ ಆರೇಳು ಹಾಕಿದರು. ಬಿಲ್ಲಿನಲ್ಲಿ ನಾವು ತಿಂದ ಬಂಗುಡೆ ಫ್ರೈ ಇರಲೇ ಇಲ್ಲ. ಕೇಳಿದರೆ ಅಡುಗೆಮನೆ ಕಡೆ ನೋಡಿ ನಕ್ಕ.

ಶುಕ್ರವಾರ

ಅಲ್ಲಿ ವಾರದ ರಜೆ ಶುಕ್ರವಾರ. ಬೆಳಗ್ಗೆ ಊರು ಮಲಗಿರುತ್ತದೆ. ನಮಗೆ ಗೊತ್ತಿರಲಿಲ್ಲ. ಒಂಬತ್ತಕ್ಕೇ ಹೊರಟು, ಮುಚ್ಚಿದ ಅಂಗಡಿಗಳ ಮುಂದೆ ಬಿಸಿಲಲ್ಲಿ ಎರಡು ಗಂಟೆ ಸುಮ್ನೆ ನಡೆದೆವು. ನವೆಂಬರ್ ಅಂದರೆ ಅಲ್ಲಿನವರಿಗೆ ತಂಪು. ನಮಗೆ ಮಾರ್ಚ್ ಕೊನೆಯ ಬೆಂಗಳೂರು, ಅದರ ಮೇಲೆ ಕಡಲ ಬೆವರು. ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಊರಿಗೆ ಜೀವ ಬರುತ್ತದೆ. ಅಷ್ಟು ಹೊತ್ತು ಮಲಗಿಕೊಂಡಿರೋದೇ ಜಾಣತನ.

ಸಂಜೆ ಸೂಕ್ ವಾಕಿಫ್ ಮಾರುಕಟ್ಟೆಗೆ ಹೋದೆವು. ಮಣ್ಣಿನ ಬಣ್ಣದ ಗೋಡೆ, ಹೊರಗೆ ಚಾಚಿದ ಮರದ ತೊಲೆ, ಇಕ್ಕಟ್ಟು ಓಣಿ. ಸಾಂಬಾರ ಪದಾರ್ಥ, ಅತ್ತರು, ಪಂಜರದ ಹಕ್ಕಿ, ಹಿತ್ತಾಳೆ ಪಾತ್ರೆ. ಇವೆಲ್ಲಕ್ಕಿಂತ ನಾವು ಹೆಚ್ಚು ಹೊತ್ತು ನಿಂತಿದ್ದು ಒಬ್ಬ ಹೆಂಗಸಿನ ಮುಂದೆ. ದುಂಡನೆಯ ಕಾದ ಹಂಚಿನ ಮೇಲೆ ಆಕೆ ಹಿಟ್ಟಿನ ಉಂಡೆಯನ್ನು ಬರಿಗೈಯಲ್ಲಿ ಒತ್ತಿ ಸುತ್ತ ತಿರುಗಿಸುತ್ತಿದ್ದರು. ಹಿಟ್ಟು ಹಂಚಿಗೆ ಎಷ್ಟು ಬೇಕೋ ಅಷ್ಟೇ ಅಂಟುತ್ತದೆ, ಉಳಿದದ್ದು ಮತ್ತೆ ಉಂಡೆಯಾಗಿ ಕೈಗೆ. ಮೇಲೆ ಮೊಟ್ಟೆ, ಚೀಸು. ಅದರ ಹೆಸರು ರಗಾಗ್. ಹಪ್ಪಳದಷ್ಟು ತೆಳು, ಅಂಚು ಗರಿಗರಿ. ಮಾವ ಒಂದು ತುಂಡು ಮುರಿದು ಬೆಳಕಿಗೆ ಹಿಡಿದರು. "ಇದು ನಮ್ ದೋಸೆಯ ಅಕ್ಕನ ಮಗಳು."

ಸೂಕ್‌ನ ಒಂದು ಮೂಲೆಯಲ್ಲಿ ಗಿಡುಗದ ಅಂಗಡಿಗಳಿವೆ. ಪಕ್ಕದಲ್ಲೇ ಗಿಡುಗಗಳಿಗೆ ಅಂತಲೇ ಒಂದು ಆಸ್ಪತ್ರೆ. ಅಂಗಡಿಯೊಳಗೆ ಸಾಲಾಗಿ ಗೂಟಗಳು, ಒಂದೊಂದರ ಮೇಲೂ ಒಂದೊಂದು ಹಕ್ಕಿ. ಕಣ್ಣು ಮುಚ್ಚುವಂತೆ ತಲೆಗೆ ಪುಟ್ಟ ಚರ್ಮದ ಟೋಪಿ. ಅಷ್ಟು ಜನ ಒಳಗಿದ್ದರೂ ಒಂದೂ ಸದ್ದಿಲ್ಲ. ಅಂಗಡಿಯವನು ಮಾವನ ಕೈಗೆ ದಪ್ಪ ಕೈಗವಸು ತೊಡಿಸಿ ಒಂದನ್ನು ಕೂರಿಸಿದ. ಮಾವ ಉಸಿರು ಬಿಗಿ ಹಿಡಿದರು. ಹಕ್ಕಿ ಕಾಲು ಬದಲಿಸಿದಾಗ ಉಗುರು ಚರ್ಮವನ್ನು ಗೀರಿದ ಸದ್ದು ನನಗೂ ಕೇಳಿಸಿತು. ಟೋಪಿ ತೆಗೆದ ಕೂಡಲೇ ಅದು ನೋಡಿದ್ದು ನಮ್ಮನ್ನಲ್ಲ. ಬಾಗಿಲಾಚೆ, ಓಣಿಯ ತುದಿಯಲ್ಲಿ ಎಲ್ಲೋ ಓಡಾಡುತ್ತಿದ್ದ ಪಾರಿವಾಳವನ್ನು.

"ಇವರ ಅಡ್ಡಹೆಸರೇ ಗಿಡುಗ ಅಂತೆ, ಮಾವ" ಅಂದೆ. ಎದುರಾಳಿ ತಂಡ ಇರಾಕಿನ ಅಲ್ ಕುವ್ವಾ ಅಲ್ ಜವಿಯಾ, ಅಂದರೆ ವಾಯುಪಡೆ ಕ್ಲಬ್. 1931ರಲ್ಲಿ ಬಾಗ್ದಾದಿನಲ್ಲಿ ಹುಟ್ಟಿದ್ದು. ಅಭಿಮಾನಿಗಳು ಅವರನ್ನು ಕರೆಯೋದು ನೀಲಿ ಗಿಡುಗಗಳು ಅಂತ.

"ನೀಲಿಯಾ? ಅವರದ್ದೂ ನೀಲಿಯಾ?"

"ಹೂಂ."

ಮಾವನಿಗೆ ಈ ಸುದ್ದಿ ಹಿಡಿಸಲಿಲ್ಲ. ಅವರಿಗಾಗಿ ಎರಡು ಸೈಜ್ ದೊಡ್ಡದಾದ ನೀಲಿ ಜೆರ್ಸಿ ತಂದಿದ್ದೆ, ಅವರ ಅಳತೆಯದ್ದು ಖಾಲಿಯಾಗಿತ್ತು. ರಾತ್ರಿ ಅದನ್ನು ಹಾಸಿಗೆ ಮೇಲೆ ಹರಡಿ ಬಹಳ ಹೊತ್ತು ನೋಡಿದರು.

ಶನಿವಾರ

ಆಟ ಸಂಜೆ ಏಳಕ್ಕೆ. ಐದಕ್ಕೇ ಕತ್ತಲಾಗುವ ಊರು ಅದು. ಐದೂವರೆಗೆ ಟ್ಯಾಕ್ಸಿ ಹತ್ತಿದೆವು. ಗೆಳೆಯ ಆಫೀಸಿನಿಂದ ನೇರ ಬರುವವನಿದ್ದ.

ದೋಹಾದ ಸ್ಟೇಡಿಯಂಗಳ ಹೆಸರಲ್ಲೊಂದು ತೊಡಕಿದೆ. ಸುಹೇಮ್ ಬಿನ್ ಹಮದ್ ಒಂದು. ಜಾಸಿಮ್ ಬಿನ್ ಹಮದ್ ಇನ್ನೊಂದು. ಗ್ರ್ಯಾಂಡ್ ಹಮದ್ ಮತ್ತೊಂದು. ನಾನು ಗಡಿಬಿಡಿಯಲ್ಲಿ "ಬಿನ್ ಹಮದ್ ಸ್ಟೇಡಿಯಂ" ಅಂತಷ್ಟೇ ಹೇಳಿದೆ. ನೇಪಾಳದ ಚಾಲಕ ತಲೆ ಅಲ್ಲಾಡಿಸಿ ಸರಿಯಾಗಿ ಕರೆದುಕೊಂಡು ಹೋದ, ತಪ್ಪು ಸ್ಟೇಡಿಯಂಗೆ. ದೀಪವಿಲ್ಲ, ಜನರಿಲ್ಲ. ಕಾವಲುಗಾರನೊಬ್ಬ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದ. ಜಾಸಿಮ್ ಬಿನ್ ಹಮದ್ ಅಲ್ ಸದ್ ಕ್ಲಬ್ಬಿನ ಮನೆ. ನಮಗೆ ಬೇಕಾಗಿದ್ದು ಸುಹೇಮ್ ಬಿನ್ ಹಮದ್, ಕತಾರ್ ಎಸ್‌ಸಿ ಕ್ಲಬ್ಬಿನದ್ದು. ಅಲ್ಲಿ ಸ್ಟೇಡಿಯಂ ಹೆಸರು ಹೇಳಬಾರದು, ಕ್ಲಬ್ಬಿನ ಹೆಸರು ಹೇಳಬೇಕು. ಇದನ್ನು ಆ ಕಾವಲುಗಾರ ಹೇಳಿಕೊಟ್ಟ.

ಮತ್ತೆ ಅಗೆದ ರಸ್ತೆ, ಮತ್ತೆ ಸುತ್ತು. ಮುಟ್ಟಿದಾಗ ಆರೂ ಮುಕ್ಕಾಲು. ಗೆಳೆಯ ಫೋನ್ ಎತ್ತುತ್ತಿಲ್ಲ. ಗೇಟಿನ ಬಳಿ ನೀಲಿ ಶಾಲು, ನೀಲಿ ಅಂಗಿ, ನೀಲಿ ಟೋಪಿ. ನಮ್ಮ ನೀಲಿ ನೋಡಿದ ಸಿಬ್ಬಂದಿ ಕೈ ಬೀಸಿ ಒಂದು ಗೇಟು ತೋರಿಸಿದರು. ಓಡಿ ಒಳಗೆ ಹೋಗಿ, ಮೆಟ್ಟಿಲು ಹತ್ತಿ, ಖಾಲಿ ಇದ್ದ ಎರಡು ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟೆವು.

ಸುತ್ತ ನೋಡಿದರೆ ಎಲ್ಲ ಕೆಂಪು, ಬಿಳಿ, ಕಪ್ಪು ಬಾವುಟ. ಇರಾಕಿನದ್ದು.

ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್‌ನ ಹುಡುಗರ ಹಾಡು ದೂರದಿಂದ ತೆಳ್ಳಗೆ ಕೇಳುತ್ತಿತ್ತು. ಆ ಕಡೆ ಹೋಗಲು ಎದ್ದರೆ ಕಾವಲಿನವರು ಬಿಡಲಿಲ್ಲ. ಒಂದು ಕಡೆ ಒಳಗೆ ಬಂದ ಮೇಲೆ ಇನ್ನೊಂದು ಕಡೆ ಹೋಗೋ ಹಾಗಿಲ್ಲ. ಮಾವ ಅಷ್ಟರಲ್ಲಿ ಮೊಣಕಾಲು ನೀವಿಕೊಳ್ಳುತ್ತಿದ್ದರು. "ಇಲ್ಲೇ ಇರೋಣ. ಬಾಯಿ ಮುಚ್ಕೊಂಡು ನೋಡಿದ್ರಾಯ್ತು."

ಪಕ್ಕದಲ್ಲಿ ನಲವತ್ತೈದರ ಆಸುಪಾಸಿನ ದಪ್ಪ ಮನುಷ್ಯ. ಮೀಸೆ, ನೀಲಿ ಶಾಲು, ಮಡಿಲಲ್ಲಿ ಹುರಿದ ಸೂರ್ಯಕಾಂತಿ ಬೀಜದ ದೊಡ್ಡ ಪೊಟ್ಟಣ. ಮಾವನ ಎದೆಯ ಮೇಲಿದ್ದ ಲಾಂಛನ ನೋಡಿದ. ನನ್ನ ಮುಖ ನೋಡಿದ. ಜೋರಾಗಿ ನಕ್ಕು ಪೊಟ್ಟಣ ಮುಂದೆ ಚಾಚಿದ. ಬೀಜವನ್ನು ಹಲ್ಲಲ್ಲಿ ಒಡೆದು, ತಿರುಳು ಒಳಗೆ ಎಳೆದುಕೊಂಡು, ಸಿಪ್ಪೆ ಉಗಿಯುವುದನ್ನು ಕೈಬಳಸದೆ ಮಾಡುತ್ತಿದ್ದ. ಮಾವ ಪ್ರಯತ್ನಿಸಿ ಸಿಪ್ಪೆ ನುಂಗಿ ಕೆಮ್ಮಿದರು. ಪ್ರತಿಯಾಗಿ ಚಕ್ಕುಲಿ ಕೊಟ್ಟರು.

ಅವನು ಬಾಗ್ದಾದಿನವನು, ದೋಹಾಕ್ಕೆ ಬಂದು ಒಂಬತ್ತು ವರ್ಷ. ಪೈಪಿನ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಇದೇ ತಂಡ ನೋಡಲು ಹೋಗುತ್ತಿದ್ದನಂತೆ. ಇರಾಕಿನಲ್ಲಿ ಇಂಥ ಪಂದ್ಯ ಆಡಿಸಲು ಆಗ ಅನುಮತಿ ಇರಲಿಲ್ಲ. ಹಾಗಾಗಿ ತಂಡದ 'ತವರು' ಮೈದಾನ ಅಂದರೆ ಇದೇ, ದೋಹಾದ ಬಾಡಿಗೆ ಮೈದಾನ. ನಾವು ಹೊರಗಿನವರು, ಸರಿ. ಕಾಗದದ ಮೇಲೆ ಆತಿಥೇಯರಾದ ಅವರೂ ಹೊರಗಿನವರೇ. "ನನಗೆ ಲಾಭ" ಅಂದ ಅವನು, ಹರಕು ಇಂಗ್ಲಿಷಿನಲ್ಲಿ. "ಬಾಗ್ದಾದ್ ನನ್ನ ಮನೆ ಹತ್ತಿರ ಬಂದಿದೆ. ನನ್ನ ಅಣ್ಣನಿಗೆ ನಷ್ಟ. ಅವನು ಬಾಗ್ದಾದಿನಲ್ಲೇ ಟಿವಿ ಮುಂದೆ ಕೂತಿದ್ದಾನೆ."

ಆಟದ ಬಗ್ಗೆ ಹೇಳಬೇಕಲ್ಲ. ಅಲ್ಲಿ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ, ಡೈಮಂಡ್ ಲೀಗ್ ಅಥ್ಲೆಟಿಕ್ಸ್ ಅಲ್ಲೇ ನಡೆಯೋದು. ಕಂಠೀರವದಲ್ಲೂ ಟ್ರ್ಯಾಕ್ ಇದೆ, ಆ ದೂರ ನಮಗೆ ಹೊಸದಲ್ಲ. ನಮ್ಮ ಗೋಲ್‌ಕೀಪರ್ ಅಮರಿಂದರ್ ನಿಷೇಧದಿಂದ ಹೊರಗಿದ್ದ. ಬದಲಿಗೆ ರಾಲ್ಟೆ. ಎಲ್ಲರಿಗೂ ಅದೇ ಚಿಂತೆ ಇತ್ತು. ರಾಲ್ಟೆ ಅವತ್ತು ಎಲ್ಲರ ಬಾಯಿ ಮುಚ್ಚಿಸಿದ. ಮೊದಲರ್ಧ ಗೋಲಿಲ್ಲ. ಕೋಚ್ ರೋಕಾ ಗೆರೆಯ ಪಕ್ಕ ಆಚೀಚೆ ನಡೆಯುತ್ತಲೇ ಇದ್ದರು. ಜಾನ್ಸನ್, ಹುವಾನನ್ ಹಿಂದೆ ಗೋಡೆ ಕಟ್ಟಿದಂತೆ ನಿಂತಿದ್ದರು. ಆದರೆ ಚೆಂಡು ನಮ್ಮ ಅರ್ಧದಲ್ಲೇ ಜಾಸ್ತಿ ಹೊತ್ತು ಇರುತ್ತಿತ್ತು, ಛೆಟ್ರಿ ಮುಂದೆ ಒಂಟಿಯಾಗಿ ಕೈಯೆತ್ತಿ ಕೇಳುತ್ತಿದ್ದ. ಮಾವ ನನ್ನ ಕಿವಿಯಲ್ಲಿ, "ಕಾಲು ಸೋಲ್ತಾ ಇದೆ ಇವರಿಗೆ. ಒಂದು ತಪ್ಪು ಆಗತ್ತೆ ನೋಡು" ಅಂದರು.

70ನೇ ನಿಮಿಷ. ಇರಾಕಿನವರ ಅಮ್ಜದ್ ರಾಧಿ ಚೆಂಡು ಹಿಡಿದು ಪೆನಾಲ್ಟಿ ಜಾಗದೊಳಗೆ ತಿರುಗಿದ. ಅವನಿನ್ನೂ ಪಾಸ್ ಕೊಟ್ಟಿರಲಿಲ್ಲ. ಅಷ್ಟರಲ್ಲೇ ಮಾವ ಎದ್ದು ನಿಂತುಬಿಟ್ಟರು. ಮೂವತ್ತು ವರ್ಷದ ಹಿಂದಿನ ಲೆಫ್ಟ್ ಬ್ಯಾಕ್ ಎದ್ದಿದ್ದು ಅದು. ಎರಡೂ ಕೈ ಮೇಲೆತ್ತಿ, "ಹಿಂದೆ ನೋಡೋ! ಹಿಂದೆ ಇದಾನೆ!" ಅಂತ ಕೂಗಿದರು. ಚೆಂಡು ಗೋಲಿನ ಮುಂದೆ ಅಡ್ಡ ಹರಿಯಿತು. ಹಿಂದೆ ಇದ್ದದ್ದು ಹಮ್ಮಾದಿ ಅಹ್ಮದ್. ಸುಮ್ನೆ ಕಾಲು ತಾಗಿಸಿದ. ಆ ವರ್ಷದ ಟೂರ್ನಿಯಲ್ಲಿ ಅವನ 16ನೇ ಗೋಲು.

ಸ್ಟೇಡಿಯಂ ಸಿಡಿಯಿತು. ಎಲ್ಲರಿಗಿಂತ ಮೊದಲೇ ಎದ್ದು, ಕೈ ಮೇಲೆತ್ತಿ ಕೂಗುತ್ತಿದ್ದ ನೀಲಿ ಅಂಗಿಯ ಮುದುಕನನ್ನು ನೋಡಿ ಹಿಂದಿನ ಸಾಲಿನ ಹುಡುಗರಿಗೆ ಖುಷಿಯೋ ಖುಷಿ. ಇಬ್ಬರು ಬಂದು ತಬ್ಬಿಕೊಂಡರು. ಒಬ್ಬ ಮಾವನ ಬೋಳುತಲೆಗೆ ಮುತ್ತು ಕೊಟ್ಟ. ಮಾವನ ಕೈಗಳು ಇನ್ನೂ ಮೇಲೆಯೇ ಇದ್ದವು, ಇಳಿಸಲು ಜಾಗವಿರಲಿಲ್ಲ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದ ಮೀಸೆಯವನು ಮಾತ್ರ ಕುಣಿಯಲಿಲ್ಲ. ಹುಡುಗರನ್ನು ಅರಬ್ಬಿಯಲ್ಲಿ ಏನೋ ಗದರಿ ದೂರ ಮಾಡಿ, ಮಾವನ ಭುಜ ಹಿಡಿದು ಕೂರಿಸಿದ. ಆಮೇಲೆ ತಾನು ಎದ್ದು ಕುಣಿದ.

1-0. ಹಾಗೇ ಮುಗಿಯಿತು. ಕೊನೆಯ ಇಪ್ಪತ್ತು ನಿಮಿಷದಲ್ಲಿ ಮಾವ ಒಂದು ಮಾತೂ ಆಡಲಿಲ್ಲ, ಬೀಜ ಒಡೆಯುತ್ತ ಕೂತಿದ್ದರು. ಅಷ್ಟು ಹೊತ್ತಿಗೆ ಕೈಬಳಸದೆ ಒಡೆಯೋದು ಬಂದಿತ್ತು.

ಹೊರಗೆ ಗೆಳೆಯ ಸಿಕ್ಕ, ಕಣ್ಣು ಕೆಂಪು. ನಮ್ಮ ಹುಡುಗರು ಇನ್ನೂ ಹಾಡುತ್ತಿದ್ದರು. ಅವರ ನಡುವೆ ಮಲಯಾಳಿಗಳೂ ಬೇಕಾದಷ್ಟಿದ್ದರು, ತಮ್ಮ ಕೇರಳದ ವಿನೀತ್ ಆಡುವುದನ್ನು ನೋಡಲು ಬಂದವರು. ಮೀಸೆಯವನು ನಮ್ಮನ್ನು ಬಿಡಲಿಲ್ಲ. ತನ್ನ ಕಾರಲ್ಲೇ ಸೂಕ್‌ಗೆ ಕರೆದೊಯ್ದು ಚಹಾ ಕುಡಿಸಿದ. ಇರಾಕಿಗಳ ಲೋಟ ಸಣ್ಣದು, ನಡು ಸಪೂರ. ತಳದಲ್ಲಿ ಸಕ್ಕರೆ ಒಂದು ಬೆರಳು ದಪ್ಪ ಕೂತಿರುತ್ತದೆ. ಹಾಲಿಲ್ಲದ ಕಪ್ಪು ಚಹಾ. ರಾತ್ರಿ ಹನ್ನೊಂದಾದರೂ ಓಣಿಯಲ್ಲಿ ಮಕ್ಕಳು ಆಡುತ್ತಿದ್ದರು. ಬಾಗ್ದಾದಿನ ಅಣ್ಣನಿಗೆ ವಿಡಿಯೋ ಕರೆ ಮಾಡಿ ಫೋನನ್ನು ಮಾವನ ಕಡೆ ತಿರುಗಿಸಿದ. ಅಣ್ಣನಿಗೆ ಇಂಗ್ಲಿಷ್ ಬರದು. ಮಾವ ಕನ್ನಡದಲ್ಲೇ, "ಚೆನ್ನಾಗಿ ಆಡಿದ್ರಪ್ಪ ನಿಮ್ಮವರು" ಅಂದರು. ಆ ಕಡೆಯಿಂದ ಅರಬ್ಬಿಯಲ್ಲಿ ಉದ್ದದ ಉತ್ತರ ಬಂತು. ಇಬ್ಬರೂ ಬಹಳ ಹೊತ್ತು ತಲೆ ಅಲ್ಲಾಡಿಸಿಕೊಂಡರು.

ಭಾನುವಾರ

ಅಲ್ಲಿ ಭಾನುವಾರ ಕೆಲಸದ ದಿನ, ಗೆಳೆಯ ಆಫೀಸಿಗೆ ಹೋದ. ನಮಗೆ ಏಳಲು ಮನಸ್ಸಿರಲಿಲ್ಲ. ಹನ್ನೊಂದಕ್ಕೆ ಹೇಗೋ ಇಸ್ಲಾಮಿಕ್ ಕಲಾ ಮ್ಯೂಸಿಯಂಗೆ ಹೋದೆವು. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ ಕಟ್ಟಿದ್ದಾರೆ. ಮುಂದೆ ಬೇರೆ ಕಟ್ಟಡಗಳು ಬಂದು ಒತ್ತಬಾರದು ಅಂತ ವಾಸ್ತುಶಿಲ್ಪಿ ಐ. ಎಂ. ಪೇ ಹಟ ಹಿಡಿದು ಪ್ರತ್ಯೇಕ ಜಾಗ ಕೇಳಿದ್ದರಂತೆ. 2008ರಲ್ಲಿ ಅದು ತೆರೆದಾಗ ಅವರಿಗೆ ತೊಂಬತ್ತು ದಾಟಿತ್ತು. ಒಳಗಿನ ಸಾಮಾನಿಗಿಂತ ಮಾವನಿಗೆ ಈ ವಿಷಯ ಬಹಳ ಹಿಡಿಸಿತು. "ತೊಂಬತ್ತರಲ್ಲಿ ಹಟ ಹಿಡಿಯೋದಕ್ಕೂ ಶಕ್ತಿ ಬೇಕು ಕಣೋ."

ಸಂಜೆ ಕಡಲಂಚಿನ ಕಾರ್ನಿಶ್ ರಸ್ತೆಯಲ್ಲಿ ಮರದ ದೋಣಿ ಹತ್ತಿದೆವು. ಕೇಳಿದ್ದು ಹೆಚ್ಚು, ಮಾವ ಕಲಾಸಿಪಾಳ್ಯದ ಧಾಟಿಯಲ್ಲಿ ಚೌಕಾಸಿ ಮಾಡಿ ತಲೆಗೆ 20 ರಿಯಾಲ್‌ಗೆ ಇಳಿಸಿದರು. ದೀಪ ಹತ್ತಿದ ಗಾಜಿನ ಗೋಪುರಗಳ ಕಡೆ ದೋಣಿ ನಿಧಾನಕ್ಕೆ ಸಾಗಿತು. ಯಾರೋ ಹಿಂದಿ ಹಾಡು ಹಾಕಿದರು. ಮಾವ ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ, "ಆ ಪಾಸ್ ಕಟ್ ಮಾಡಬಹುದಿತ್ತು. ಒಂದು ಹೆಜ್ಜೆ ಅಷ್ಟೇ" ಅಂದರು. ಆಮೇಲೆ ಮತ್ತೆ ಗೋಪುರ ನೋಡಿದರು.

ಸೋಮವಾರ, ಆಮೇಲೆ

ಖರ್ಜೂರ ಕೊಳ್ಳಲು ಮತ್ತೆ ಸೂಕ್. ತೂಗುವ ಮೊದಲು ಒಂದೊಂದು ಬಗೆಯದ್ದನ್ನೂ ರುಚಿಗೆ ಕೊಡುತ್ತಾರೆ, ನಾಚಿಕೊಳ್ಳಬಾರದು. ಮಾವ ನಾಚಿಕೊಳ್ಳಲಿಲ್ಲ. ರಾತ್ರಿಯ ವಿಮಾನ ಹಿಡಿದು 8ರ ಬೆಳಗ್ಗೆ ಬೆಂಗಳೂರಲ್ಲಿ ಇಳಿದೆವು.

ಉಳಿದ ರಿಯಾಲನ್ನು ವಿಮಾನ ನಿಲ್ದಾಣದಲ್ಲೇ ಬದಲಿಸೋಣ ಅಂದೆ. ಮಾವ ಬೇಡ ಅಂದರು, "ಇರಲಿ ಬಿಡೋ, ನೆನಪಿಗೆ." ನಾನು ಕೇಳಲಿಲ್ಲ. ಸಾವಿರದ ಮೂರು ನೋಟು, ಒಂದಷ್ಟು ಚಿಲ್ಲರೆ ಸಿಕ್ಕಿತು. ಅವತ್ತು 2016ರ ನವೆಂಬರ್ 8. ರಾತ್ರಿ ಎಂಟಕ್ಕೆ ಟಿವಿ ಹಾಕಿದವರಿಗೆಲ್ಲ ಮುಂದಿನದ್ದು ಗೊತ್ತು. ಐನೂರು, ಸಾವಿರದ ನೋಟು ಮಧ್ಯರಾತ್ರಿಯಿಂದ ನಡೆಯಲ್ಲ. ಹತ್ತು ನಿಮಿಷದಲ್ಲಿ ಮಾವನ ಫೋನ್ ಬಂತು. ಬೈಯುತ್ತಾರೆ ಅಂದುಕೊಂಡೆ. ಬರೀ ನಗು. "ರಿಯಾಲ್ ಇಟ್ಕೋ ಅಂದೆ ತಾನೇ?"

ಗುರುವಾರ ಬ್ಯಾಂಕು ತೆರೆದಾಗ ಇಬ್ಬರೂ ಒಂದೇ ಸರತಿಯಲ್ಲಿ ನಿಂತೆವು. ಬಾಗಿಲಿಂದ ಶುರುವಾಗಿ ಮೂಲೆಯ ಹಾಲಿನ ಬೂತ್ ದಾಟಿತ್ತು. ಮಾವ ಅದೇ ದೊಗಲೆ ನೀಲಿ ಜೆರ್ಸಿಯಲ್ಲಿ ಬಂದಿದ್ದರು. ಮುಂದೆ ನಿಂತಿದ್ದ ಹುಡುಗ ತಿರುಗಿ ನೋಡಿ, "ಅಂಕಲ್, ದೋಹಾ ಮ್ಯಾಚ್ ನೋಡಿದ್ರಾ?" ಅಂತ ಕೇಳಿದ. ಮಾವ ಪ್ಯಾಂಟಿನ ಜೇಬಿಗೆ ಕೈ ಹಾಕಿ, ಒಂದು ಹಿಡಿ ಸೂರ್ಯಕಾಂತಿ ಬೀಜ ತೆಗೆದು ಅವನ ಅಂಗೈಗೆ ಸುರಿದರು.

"ಸಿಪ್ಪೆ ನುಂಗಬೇಡ" ಅಂದರು. "ಕೂತ್ಕೋ, ಹೇಳ್ತೀನಿ."